ದತ್ತುಮಗುವೂ ಪಾಠಶಾಲೆಯೂ

ಅಸ್ತ್ರವಿದ್ಯಾರಂಗದಲ್ಲಿ ಅರ್ಜುನನಿಗೆ ಸರಿಸಮನಾಗಿ ನಿಂತಿದ್ದ ಕರ್ಣನು, ಕೃಪಾಚಾರ್ಯರು ಕುಲವನ್ನು ಕೇಳಿದೊಡನೆ ತಲೆತಗ್ಗಿಸಿದ ಮಹಾಭಾರತದ ಪ್ರಸಂಗಕ್ಕೆ ಮರುಗುವ ನಾವು, ಅದೇ ಪ್ರಶ್ನೆಯು ‘ವಂಶವೃಕ್ಷವನ್ನು ಬರೆದು ತನ್ನಿ’, ‘ಹುಟ್ಟಿದಾಗಿನ ಚಿತ್ರವನ್ನು ತನ್ನಿ’ ಎಂಬ ರೂಪದಲ್ಲಿ ಇಂದಿಗೂ ತರಗತಿಯ ದತ್ತುಮಗುವಿಗೆ ಎದುರಾಗುವುದನ್ನು ಗಮನಿಸುವುದು ವಿರಳ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ದತ್ತುಪಡೆದ ದಿನದಿಂದ ಮಗುವನ್ನು ಆ ಮನೆಯ ಸಂತಾನವೆಂದೇ ಎಣಿಸುತ್ತದೆಯಾದರೂ, ‘ನಿನ್ನ ನಿಜವಾದ ಅಮ್ಮ ಯಾರು?’ ಎಂಬ ಸಹಪಾಠಿಯ ಒಂದು ಮಾತು, ‘ನಾನಾರು?’ ಎಂಬ ಜಿಜ್ಞಾಸೆಯನ್ನು ಎಳೆಯ ಮನಸ್ಸಿನಲ್ಲಿ ಅಕಾಲದಲ್ಲಿಯೇ ಎಬ್ಬಿಸಬಲ್ಲುದು.

ಆದುದರಿಂದ ಉಪಾಧ್ಯಾಯರು ವಂಶವೃಕ್ಷಕ್ಕೆ ಬದಲಾಗಿ ‘ನನ್ನನ್ನು ಸಲಹುವವರು’ ಎಂದು ಬರೆಯುವ ಅವಕಾಶವನ್ನು ತರಗತಿಯ ಸಕಲ ಮಕ್ಕಳಿಗೂ ಕೊಡಲಿ. ದತ್ತುವಿನ ಸಂಗತಿಯನ್ನು ಅನುಕಂಪದಿಂದಲೇ ಆದರೂ ಎಲ್ಲರೆದುರು ಆಡದಿರಲಿ. ಅಂಕ ಕಡಮೆಯಾದಾಗಲೆಲ್ಲ ಅದನ್ನೇ ಕಾರಣವೆಂದು ಊಹಿಸದಿರಲಿ. ತಾಯ್ತಂದೆಗಳಾದರೋ, ಈ ಸತ್ಯವು ಪರರ ಬಾಯಿಂದ ಮಗುವಿನ ಕಿವಿಗೆ ಬೀಳುವ ಮುನ್ನ, ಶಾಲೆಗೆ ಸೇರಿಸುವುದಕ್ಕೂ ಮೊದಲೇ, ಅದರ ವಯಸ್ಸಿಗೆ ತಕ್ಕ ಸರಳವಾದ ಮಾತುಗಳಲ್ಲಿ ತಾವೇ ತಿಳಿಸತಕ್ಕದ್ದು. ಕೇಳಿದವರಿಗೆ ‘ನನ್ನನ್ನು ಸಾಕುವವರೇ ನನ್ನ ಅಪ್ಪ ಅಮ್ಮ’ ಎಂದು ಉತ್ತರಿಸುವುದನ್ನೂ, ಉತ್ತರಿಸಲು ಮನಸ್ಸಿಲ್ಲದಿದ್ದರೆ ಸುಮ್ಮನಿರುವ ಹಕ್ಕು ತನಗುಂಟೆಂಬುದನ್ನೂ ಕಲಿಸತಕ್ಕದ್ದು.