ಬಾಲವಿಲ್ಲದ ಇಲಿ



ನಮ್ಮ ಸೀಮೆಯಲ್ಲಿ ಇಲಿ ಅಂದರೆ ಯಾರಿಗೂ ಆಗೋದಿಲ್ಲ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕುತ್ತೇವೆ. ತಿಂಗಳುಗಟ್ಟಲೆ ಕಾದು ಉಂಡೆ ಕೊಬ್ಬರಿ ಮಾಡುತ್ತೇವೆ. ಆ ಅಟ್ಟಕ್ಕೆ ಇಲಿ ಸೇರಿಕೊಂಡರೆ ಸಹಿಸೋದು ಹೇಗೆ?

ಈ ಪಾಠದ ಇಲಿ ಬೇರೆ. ಇದು ಕಾಯಿ ಕೊರೆಯೋದಿಲ್ಲ. ಲೆಕ್ಕ ಬರೆಯೋಕೆ ನೆರವಾಗುತ್ತೆ. ಇದರ ಹೆಸರು ಮೌಸ್. ಮೌಸ್ ಅಂದರೆ ಇಂಗ್ಲಿಷಿನಲ್ಲಿ ಇಲಿ.

ಮೌಸ್ ಕಂಪ್ಯೂಟರಿನ ಒಂದು ಸಾಧನ. ಅಂಗೈಯಲ್ಲಿ ಹಿಡಿಯುವಷ್ಟು ಇರುತ್ತೆ. ಇದನ್ನು ಮೇಜಿನ ಮೇಲೆ ಸರಿಸಿದರೆ, ಪರದೆಯ ಮೇಲೆ ಒಂದು ಬಾಣದ ಗುರುತು ಸರಿಯುತ್ತೆ. ಬೇಕಾದ ಕಡೆ ಬಾಣ ನಿಲ್ಲಿಸಿ ಗುಂಡಿ ಒತ್ತಬೇಕು. ಆಗ ಕೆಲಸ ಆಗುತ್ತೆ.

ಇದನ್ನು ಯೋಚಿಸಿದವರು ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್. ಅವರ ಜೊತೆಗಾರ ಬಿಲ್ ಇಂಗ್ಲಿಷ್ 1964ರಲ್ಲಿ ಮೊದಲ ಮೌಸ್ ಮಾಡಿದರು. ಅದು ಮರದ್ದು! ಅದಕ್ಕೆ ಬಾಲದ ಹಾಗೆ ಒಂದು ವೈರ್ ಇತ್ತು. ಈಗ ವೈರ್ ಇಲ್ಲದ ಮೌಸ್ ಬಂದಿದೆ. ಇದಕ್ಕೆ ವೈರ್‌ಲೆಸ್ ಮೌಸ್ ಅಂತಾರೆ. ಚೀಲದಲ್ಲಿ ಹಾಕಿಕೊಂಡು ಹೋಗಬಹುದು.

ನಮಗೆ ಏಕೆ ಬೇಕು?

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ವಹಿವಾಟು ಈಗ ಕಂಪ್ಯೂಟರಿನಲ್ಲಿ ನಡೆಯುತ್ತೆ. ಪಂಚಾಯಿತಿ ಕೆಲಸವೂ ಹಾಗೇ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾಯಿತು. ಆಗ ಸಂಘದ ಲೆಕ್ಕ ಪುಸ್ತಕದಲ್ಲಿ ಇರುತ್ತಿತ್ತು. ಈಗ ಎಷ್ಟೋ ಸಂಘಗಳ ಲೆಕ್ಕ ಕಂಪ್ಯೂಟರಿಗೂ ಹೋಗುತ್ತೆ.

ಲ್ಯಾಪ್‌ಟಾಪ್ ಮೇಲೆ ಒಂದು ನುಣುಪಾದ ಚೌಕ ಇರುತ್ತೆ. ಅದರ ಮೇಲೆ ಬೆರಳಾಡಿಸಿದರೂ ಬಾಣ ಓಡುತ್ತೆ. ಆದರೆ ಮಟ್ಟೆ ಸುಲಿದ ಕೈ ಒರಟು. ಬೆರಳು ತುಂಬಾ ಒರಟಾಗಿದ್ದರೆ, ಒದ್ದೆ ಆಗಿದ್ದರೆ ಆ ಚೌಕಕ್ಕೆ ಸರಿಯಾಗಿ ಗೊತ್ತಾಗೋದಿಲ್ಲ. "ನನ್ನ ಕೈಲಿ ಆಗಲ್ಲ, ನೀನೇ ಮಾಡಪ್ಪ" ಅಂತ ನಾವು ಎದ್ದುಬಿಡುತ್ತೇವೆ. ದುಡ್ಡು ನಮ್ಮದು, ಲೆಕ್ಕ ಇನ್ನೊಬ್ಬರ ಕೈಲಿ! ತಪ್ಪು ಬೆರಳಿನದಲ್ಲ. ನಮ್ಮ ಕೈಗೆ ಒಗ್ಗುವ ಸಾಧನ ಬೇಕು, ಅಷ್ಟೆ. ಕುಡುಗೋಲು ಕೊಳ್ಳುವಾಗ ಹಿಡಿ ನೋಡಿ ಕೊಳ್ಳೋದಿಲ್ಲವೇ? ಇದೂ ಹಾಗೆಯೇ.

ಕೊಳ್ಳುವ ಮುಂಚೆ ನೋಡಿ

1. ಕೈಗೆ ಹಿಡಿದು ನೋಡಿ. ಬಹಳ ಚಿಕ್ಕದಾದರೆ ಬೆರಳು ಮುದುಡಿ ನೋಯುತ್ತೆ. ಬಹಳ ದೊಡ್ಡದು ಚೀಲಕ್ಕೆ ಭಾರ. ಎಡಗೈ ಬಳಸುವವರು ಸಂಘದಲ್ಲಿ ಇದ್ದರೆ, ಎರಡೂ ಕಡೆ ಒಂದೇ ಆಕಾರ ಇರುವುದನ್ನು ಆರಿಸಿ.

2. ಯಾವ ಸೆಲ್ ಅಂತ ಕೇಳಿ. ಕೆಲವಕ್ಕೆ ಗೋಡೆ ಗಡಿಯಾರದ ಸೆಲ್ ಸಾಕು. ಕೆಲವಕ್ಕೆ ಟಿ.ವಿ. ರಿಮೋಟಿನ ಸಣ್ಣ ಸೆಲ್. ಇವು ನಮ್ಮೂರ ಅಂಗಡಿಯಲ್ಲೇ ಸಿಗುತ್ತವೆ. ಇನ್ನು ಕೆಲವನ್ನು ಮೊಬೈಲ್ ಹಾಗೆ ಚಾರ್ಜ್ ಮಾಡಬೇಕು. ಕರೆಂಟು ಇದ್ದಾಗಲೇ ಮಾಡಿಟ್ಟುಕೊಳ್ಳಬೇಕು.

3. ಕಂಪ್ಯೂಟರಿಗೆ ಹೇಗೆ ಸೇರುತ್ತೆ? ಕೆಲವು ಮೌಸ್ ಜೊತೆ ಒಂದು ಚಿಕ್ಕ ತುಂಡು ಬರುತ್ತೆ. ಅದನ್ನು ಕಂಪ್ಯೂಟರಿನ ತೂತಿಗೆ ಸಿಕ್ಕಿಸಬೇಕು. ಆ ತೂತು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದೆಯಾ ನೋಡಿ. ಬ್ಲೂಟೂತ್ ಮೌಸಿಗೆ ಈ ತುಂಡು ಬೇಡ. ಆದರೆ ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಇರಬೇಕು. ಆದ್ದರಿಂದ ಅಂಗಡಿಗೆ ಲ್ಯಾಪ್‌ಟಾಪ್ ತೆಗೆದುಕೊಂಡೇ ಹೋಗಿ.

4. ದೊಡ್ಡ ಅಂಕಿಗೆ ಮರುಳಾಗಬೇಡಿ. ಡಬ್ಬದ ಮೇಲೆ ಡಿ.ಪಿ.ಐ. ಅಂತ ಬರೆದಿರುತ್ತೆ. ಅದು ಬಾಣ ಎಷ್ಟು ಚುರುಕಾಗಿ ಓಡುತ್ತೆ ಅಂತ ಹೇಳುವ ಅಂಕಿ. ಲೆಕ್ಕದ ಕೆಲಸಕ್ಕೆ 1000 ಧಾರಾಳ ಸಾಕು. ಬಹಳ ದೊಡ್ಡ ಅಂಕಿಯವು ಆಟ ಆಡುವವರಿಗೆ.

5. ಡಬ್ಬ ಓದಿ. ಎಂ.ಆರ್.ಪಿ. ಅಂತ ಇರುವ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ. ತೆರಿಗೆ ಅದರಲ್ಲೇ ಸೇರಿದೆ. ವಾರಂಟಿ ಎಷ್ಟು ವರ್ಷ ನೋಡಿ. ತಾರೀಖು ಹಾಕಿದ ಬಿಲ್ ಕೇಳಿ ಪಡೆಯಿರಿ. ಮೋಸ ಆದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಲೆಕ್ಕ ಮಾಡೋಣ

ಎರಡು ಮೌಸ್ ಇವೆ ಅಂದುಕೊಳ್ಳೋಣ. ಒಂದರ ಬೆಲೆ 300 ರೂಪಾಯಿ. ವಾರಂಟಿ ಇಲ್ಲ. ವರ್ಷಕ್ಕೆ ಒಂದು ಕೆಟ್ಟರೆ ಮೂರು ವರ್ಷಕ್ಕೆ 900 ರೂಪಾಯಿ. ಇನ್ನೊಂದರ ಬೆಲೆ 600 ರೂಪಾಯಿ. ಮೂರು ವರ್ಷ ವಾರಂಟಿ. ಹಾಗಾದರೆ ವರ್ಷಕ್ಕೆ 200 ರೂಪಾಯಿ. ಯಾವುದು ಅಗ್ಗ? ಸಂಘದಲ್ಲಿ ಕೂತು ಮಾತಾಡಿ. ಎಲ್ಲರೂ ಒಪ್ಪಿದ ಮೇಲೆ ನಡಾವಳಿ ಪುಸ್ತಕದಲ್ಲಿ ಬರೆದು ಕೊಳ್ಳಿ.

ಬಳಸುವಾಗ

ಗಾಜಿನ ಮೇಲೆ, ಹೊಳೆಯುವ ಕಲ್ಲಿನ ಮೇಲೆ ಮೌಸ್ ಇಟ್ಟರೆ ಬಾಣ ಎತ್ತೆತ್ತಲೋ ಓಡಬಹುದು. ಕೆಳಗೆ ಒಂದು ಹಾಳೆ ಹಾಸಿ. ಮೌಸಿನ ಅಡಿಯಲ್ಲಿ ಒಂದು ಕಣ್ಣು ಇದೆ. ಅದಕ್ಕೆ ನಾರಿನ ಧೂಳು ಕೂತರೆ ಒಣ ಬಟ್ಟೆಯಿಂದ ಒರೆಸಿ. ಕೆಲಸ ಮುಗಿದ ಮೇಲೆ ಅಡಿಯ ಸ್ವಿಚ್ ಆರಿಸಿ. ಬಹಳ ದಿನ ಬಳಸದಿದ್ದರೆ ಸೆಲ್ ತೆಗೆದಿಡಿ. ಇಲ್ಲದಿದ್ದರೆ ಅದು ಸೋರಿ ಮೌಸ್ ಕೆಡಬಹುದು. ಸಿಕ್ಕಿಸುವ ತುಂಡು ಜೋಪಾನ. ಅದು ಕಳೆದರೆ ಮೌಸ್ ಇದ್ದೂ ಇಲ್ಲದ ಹಾಗೆ.

ಒಂದು ಮಾತು. ಮೌಸ್ ಸಂಘದ್ದು. ಅದು ಒಬ್ಬರ ಕೈಲೇ ಉಳಿಯಬಾರದು. ಪ್ರತಿ ಸಭೆಯಲ್ಲಿ ಇಬ್ಬರಾದರೂ ಹಿಡಿದು ಕಲಿಯಿರಿ. ಗುಂಡಿ ಒತ್ತುವ ಮುಂಚೆ ಪರದೆ ಮೇಲಿನ ಅಂಕಿಯನ್ನು ಜೋರಾಗಿ ಓದಿ. 500 ಇರುವ ಕಡೆ 5000 ಆಗಿದ್ದರೆ ಆಗಲೇ ತಿದ್ದಬಹುದು. ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೇ?

ಉತ್ತರ ಹೇಳಿ

1. ಮೊದಲ ಮೌಸ್ ಯಾವುದರಿಂದ ಮಾಡಿದ್ದು?
2. ಗಾಜಿನ ಮೇಜಿದ್ದರೆ ಏನು ಮಾಡುತ್ತೀರಿ?
3. ಬಿಲ್ ಏಕೆ ಬೇಕು?

ನೀವೇ ಮಾಡಿ

ಮನೆಯಲ್ಲಿರುವ ಯಾವುದಾದರೂ ಡಬ್ಬ ತೆಗೆದುಕೊಳ್ಳಿ. ಅದರ ಮೇಲೆ ಎಂ.ಆರ್.ಪಿ. ಹುಡುಕಿ. ಆ ಬೆಲೆಯನ್ನು ಇಲ್ಲಿ ಬರೆಯಿರಿ: ........ ರೂಪಾಯಿ.

ಮುಂದಿನ ಸಭೆಯಲ್ಲಿ ನಿಮ್ಮ ಹೆಸರಿನ ಮುಂದೆ ಇರುವ ಉಳಿತಾಯ ಎಷ್ಟು, ನೀವೇ ಓದಿ. ಅದನ್ನೂ ಬರೆಯಿರಿ: ........ ರೂಪಾಯಿ.