ಹಳೆಯ ದಾರಿಯನ್ನು ಓದುವ ವಿದ್ಯೆ

ಮೈಸೂರಿನಿಂದ ಹುಣಸೂರಿಗೆ ಹೋಗುವವರು ಬಿಳಿಕೆರೆಯಲ್ಲಿ ದಾರಿಯು ಕವಲೊಡೆಯುವುದನ್ನು ಬಲ್ಲರು. ಒಂದು ಕವಲು ಹುಣಸೂರು, ಪಿರಿಯಾಪಟ್ಟಣಗಳ ಕಡೆಗೂ ಮತ್ತೊಂದು ಕೃಷ್ಣರಾಜನಗರ, ಹಾಸನಗಳ ಕಡೆಗೂ ಸಾಗುತ್ತದೆ. ನಾವು ನಿತ್ಯವೂ ತುಳಿಯುವ ಈ ದಾರಿಗಳಿಗೆ ಮುಂಚೆ ಈ ಸೀಮೆಯ ಜನರು ಯಾವ ಹಾದಿಯನ್ನು ಹಿಡಿದು ಎಲ್ಲಿಗೆ ಹೋಗುತ್ತಿದ್ದರು? ಬರೆದಿಟ್ಟ ಚರಿತ್ರೆಯು ಮೌನವಾಗಿರುವೆಡೆಯಲ್ಲಿ ಇಂಥ ಪ್ರಶ್ನೆಗೆ ಉತ್ತರವನ್ನು ಹುಡುಕುವ ವಿದ್ಯೆಯೇ ಪುರಾತತ್ತ್ವಶಾಸ್ತ್ರ.

ಮೊದಲು ರೋಮನರ ದೇಶವನ್ನು ನೋಡೋಣ. ಅವರು ಕಲ್ಲನ್ನು ಹಾಸಿ, ಅಂಚಿನಲ್ಲಿ ಕಾಲುವೆ ತೆಗೆದು, ಸಾವಿರ ಹೆಜ್ಜೆಗೊಂದು ಮೈಲಿಗಲ್ಲನ್ನು ನೆಟ್ಟು ರಾಜಮಾರ್ಗಗಳನ್ನು ಕಟ್ಟಿದರು. ಅವುಗಳಲ್ಲಿ ಪ್ರಸಿದ್ಧವಾದ ಅಪ್ಪಿಯಾ ಮಾರ್ಗವು ಕ್ರಿ. ಪೂ. 312ರಲ್ಲಿ ಆರಂಭವಾಯಿತು. ಅಂಥ ದಾರಿಯು ಹೊಲದಡಿಯಲ್ಲಿ ಹುದುಗಿಹೋದರೂ ಪೈರು ಅದರ ಗುಟ್ಟನ್ನು ಬಿಟ್ಟುಕೊಡುತ್ತದೆ. ಕಲ್ಲುಹಾಸಿನ ಮೇಲೆ ಮಣ್ಣು ತೆಳುವಾಗಿ ತೇವವು ನಿಲ್ಲದಿರುವುದರಿಂದ ಅಲ್ಲಿಯ ಪೈರು ಬೇಗನೆ ಹಳದಿಯಾಗುವುದು. ಮುಚ್ಚಿಹೋದ ಕಾಲುವೆಯ ಮೇಲಾದರೋ ಮಣ್ಣು ಆಳವಾಗಿರುವುದರಿಂದ ಪೈರು ಎತ್ತರವಾಗಿಯೂ ಹಸಿರಾಗಿಯೂ ಬೆಳೆಯುವುದು. ನೆಲದ ಮೇಲೆ ನಿಂತವನಿಗೆ ಕಾಣದ ಈ ಗೆರೆಗಳು ವಿಮಾನದಿಂದ ನೋಡುವವನಿಗೆ ಬರೆದ ಚಿತ್ರದಂತೆ ತೋರುತ್ತವೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕ್ರಾಫರ್ಡ್ ಎಂಬ ವಿದ್ವಾಂಸರು ಈ ಕ್ರಮವನ್ನು ಬಳಕೆಗೆ ತಂದರು.

ನಮ್ಮ ನಾಡಿನ ಪುರಾತನ ದಾರಿಗಳಾದರೋ ಹೆಚ್ಚಾಗಿ ಮಣ್ಣಿನವು. ಎತ್ತಿನ ಕಾಲೂ ಬಂಡಿಯ ಗಾಲಿಯೂ ಮಾಡಿದವು. ಒಂದು ಮಳೆಗಾಲವೇ ಅವುಗಳ ಗುರುತನ್ನು ಅಳಿಸಬಲ್ಲದು. ಆದುದರಿಂದ ಇಲ್ಲಿ ದಾರಿಯನ್ನೇ ಹುಡುಕಿದರೆ ಫಲವಿಲ್ಲ. ದಾರಿಹೋಕರು ಬಿಟ್ಟುಹೋದ ವಸ್ತುಗಳನ್ನು ಹುಡುಕಿ, ಅವು ದೊರೆತ ಸ್ಥಳಗಳನ್ನು ಚುಕ್ಕೆಗಳಂತೆ ಜೋಡಿಸಬೇಕು. ನಮ್ಮ ತಾಯಂದಿರು ಬಾಗಿಲ ಮುಂದೆ ಚುಕ್ಕೆಯಿಟ್ಟು ರಂಗವಲ್ಲಿಯನ್ನು ಎಳೆಯುವಂತೆಯೇ ಇದು. ಚುಕ್ಕೆಯು ತನ್ನ ಎಡೆಯಲ್ಲಿ ಇಲ್ಲದಿದ್ದರೆ ಗೆರೆಯು ತಪ್ಪುವುದು.

ನಮ್ಮ ಸೀಮೆಯ ಮೊದಲನೆಯ ಚುಕ್ಕೆಯು ದೂರದ ಈಜಿಪ್ಟಿನಲ್ಲಿ ಇಡಲ್ಪಟ್ಟಿತು. ಕ್ರಿ. ಶ. 2ನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಟಾಲೆಮಿಯು ತನ್ನ ಭೂಗೋಳಗ್ರಂಥದಲ್ಲಿ ದಕ್ಷಿಣಭಾರತದ ಒಳನಾಡಿನ ಊರುಗಳನ್ನು ಹೇಳುತ್ತ, ಬೆರಿಲ್ ರತ್ನವು ದೊರೆಯುವ 'ಪೌನ್ನಾಟ'ವನ್ನು ಹೆಸರಿಸಿದ್ದಾನೆ. ಇದು ಕಪಿನಿ, ಕಾವೇರಿಗಳ ಸೀಮೆಯ ಪುನ್ನಾಟವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅದರ ರಾಜಧಾನಿಯಾದ ಕೀರ್ತಿಪುರವೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. ಇಲ್ಲಿಯ ರಾಜನಾದ ಸ್ಕಂದವರ್ಮನ ಮಗಳು ಗಂಗರ ಅವಿನೀತನ ರಾಣಿಯಾದಳು. ದುರ್ವಿನೀತನು ಅವಳ ಮಗನು. ಬೆರಿಲ್ ಎಂಬ ಮಾತು ಕೂಡ ನಮ್ಮ ದೇಶದ್ದೇ. ಸಂಸ್ಕೃತದ ವೈಡೂರ್ಯವು ಪ್ರಾಕೃತದಲ್ಲಿ ವೇಳುರಿಯವಾಗಿ, ಗ್ರೀಕರ ಬಾಯಲ್ಲಿ ಬೆರಿಲ್ಲೋಸ್ ಆಯಿತು. ರತ್ನದೊಡನೆ ಅದರ ಹೆಸರೂ ಸಮುದ್ರವನ್ನು ದಾಟಿತು.

ಎರಡನೆಯ ಚುಕ್ಕೆಯು ನಾಣ್ಯ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಒಂದು ಮಡಕೆಯಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅವು ಅಗಸ್ಟಸನಿಂದ ಕ್ಲಾಡಿಯಸನವರೆಗಿನ ಚಕ್ರವರ್ತಿಗಳವು. ಕ್ಲಾಡಿಯಸನು ಪಟ್ಟಕ್ಕೆ ಬಂದದ್ದು ಕ್ರಿ. ಶ. 41ರಲ್ಲಿ. ಆದುದರಿಂದ ಆ ಮಡಕೆಯನ್ನು ಅದಕ್ಕೆ ಮುಂಚೆ ಹೂಳಿರಲಾರರೆಂಬುದು ಸ್ಪಷ್ಟ. ಆ ನಾಣ್ಯಗಳನ್ನು ಹತ್ತು ಜನರು ಹಂಚಿಕೊಂಡು ಅಕ್ಕಸಾಲಿಗನ ಮೂಸೆಗೆ ಹಾಕಿದ್ದರೆ, ಬೆಳ್ಳಿಯು ಉಳಿಯುತ್ತಿತ್ತು, ಈ ಲೆಕ್ಕವು ಉಳಿಯುತ್ತಿರಲಿಲ್ಲ.

ಮೂರನೆಯದು ಯಾರೂ ಬಗ್ಗಿ ಎತ್ತದ ಮಡಕೆಯ ಚೂರು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ವ್ಹೀಲರ್ ಅವರು ಅಗೆಸಿದಾಗ, ಕಾಲವು ತಿಳಿದಿದ್ದ ಇಟಲಿಯ ಮಡಕೆಗಳ ಸಂಗಡ, ಒಳಗೆ ಚುಕ್ಕೆಗೆರೆಗಳ ಉಂಗುರವುಳ್ಳ ಬೇರೊಂದು ಬಗೆಯ ಮಡಕೆಯೂ ದೊರೆಯಿತು. 1947ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿಯೂ ಅದೇ ಬಗೆಯ ಚೂರುಗಳು ಕಂಡುಬಂದವು. ಚಂದ್ರವಳ್ಳಿಯಲ್ಲಿ ತಿಬೇರಿಯಸನ ನಾಣ್ಯವೂ ಸಿಕ್ಕಿತು. ಹೀಗೆ ಬೆಲೆಯಿಲ್ಲದ ಚೂರಿನಿಂದ ಕನ್ನಡನಾಡಿನ ಮಣ್ಣಿನ ಪದರಗಳಿಗೆ ಕಾಲನಿರ್ಣಯವಾಯಿತು.

ಇನ್ನು ಕಿತ್ತೂರಿಗೆ ಮರಳೋಣ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ತಿಯಾದ ಮೇಲೆ ಪುನ್ನಾಟದ ಆ ಪುರಾತನ ನೆಲವು ಹಿನ್ನೀರಿನ ಪಾಲಾಯಿತು. ಆ ನೀರಿನಿಂದ ಎಷ್ಟೋ ಹೊಲಗಳು ಹಸನಾದುದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ವೈಡೂರ್ಯವು ಯಾವ ಹಾದಿಯಿಂದ ಹೊರಟು ಯಾವ ಕಣಿವೆಯನ್ನು ಇಳಿದು ಕಡಲತೀರವನ್ನು ಸೇರಿತೆಂದು ಕೇಳುವವರಿಗೆ, ಉತ್ತರವಿರಬಹುದಾದ ನೆಲವೇ ಅಲ್ಲಿ ಕೈಗೆಟುಕದಂತಾಗಿದೆ. ಇಂದಿಗೂ ಕೋಟೆಯ ಸೀಮೆಯಿಂದ ಬಾವಲಿಯ ಮಾರ್ಗವಾಗಿ ವಯನಾಡಿಗೆ ದಾರಿಯುಂಟು. ದಾರಿಯಿದ್ದಮಾತ್ರಕ್ಕೆ ಅದು ಪುರಾತನವೆಂದು ಸಿದ್ಧವಾಗದು. ಅದಕ್ಕೆ ಸಾಕ್ಷ್ಯವು ಬೇಕು, ಆ ಸಾಕ್ಷ್ಯವು ಇದ್ದ ಸ್ಥಳದಲ್ಲಿಯೇ ದೊರೆಯಬೇಕು.

ಇದನ್ನೋದುವ ಸಹೋದರಿಯರಲ್ಲಿ ಅನೇಕರು ಈಗ ಗೃಹಿಣಿಯರು, ಉಪಾಧ್ಯಾಯಿನಿಯರು. ತಾಯಿತಂದೆಗಳಲ್ಲಿ ಅನೇಕರು ಹೊಲಗದ್ದೆಯುಳ್ಳವರು. ನೇಗಿಲ ಬಾಯಿಗೆ ನಾಣ್ಯವಾಗಲಿ, ಮಣಿಯಾಗಲಿ, ಬರಹವುಳ್ಳ ಕಲ್ಲಾಗಲಿ ಸಿಕ್ಕಿದರೆ ಅದನ್ನು ಉಜ್ಜಿ ಹೊಳೆಯಿಸಬೇಡಿರಿ, ಕರಗಿಸಬೇಡಿರಿ. ಯಾವ ಹೊಲ, ಎಷ್ಟು ಆಳ, ಜೊತೆಯಲ್ಲಿ ಏನಿತ್ತು ಎಂಬುದನ್ನು ಅಂದೇ ಬರೆದಿಟ್ಟು ಸರಕಾರದ ಅಧಿಕಾರಿಗಳಿಗೆ ತಿಳಿಸಿರಿ. ರಾಜ್ಯದ ಪುರಾತತ್ತ್ವ ಇಲಾಖೆಯ ಮುಖ್ಯ ಕಚೇರಿಯು ಮೈಸೂರಿನಲ್ಲಿಯೇ ಇದೆ. ಮಕ್ಕಳು ಚೂರೊಂದನ್ನು ಕೈಯಲ್ಲಿ ಹಿಡಿದು ಬಂದರೆ, 'ಎಸೆದುಬಿಡು' ಎನ್ನುವುದಕ್ಕೆ ಮುಂಚೆ, 'ಎಲ್ಲಿ ಸಿಕ್ಕಿತು?' ಎಂದು ಕೇಳಿರಿ. ಈ ವಿದ್ಯೆಯ ಮೊದಲನೆಯ ಪಾಠವು ಆ ಒಂದು ಪ್ರಶ್ನೆಯೇ ಆಗಿದೆ.