ವೈದ್ಯರಿಗೆ ವರ್ಷದ ಚಂದಾ: ಕೊಟ್ಟ ಹಣಕ್ಕೆ ದೊರೆಯುವುದೇನು?

ಊರಿನ ಬಡಗಿ, ಕಮ್ಮಾರ, ಕ್ಷೌರಿಕರಿಗೆ ಪ್ರತಿಯೊಂದು ಕೆಲಸಕ್ಕೂ ಕಾಸು ಎಣಿಸದೆ, ಸುಗ್ಗಿಯಲ್ಲಿ ವರ್ಷಕ್ಕಿಷ್ಟು ಭತ್ತವೆಂದು ಅಳೆದು ಕೊಡುವ ಪದ್ಧತಿ ನಮ್ಮ ಸೀಮೆಯಲ್ಲಿ ಬಹುಕಾಲ ನಡೆದುಬಂದಿತ್ತು. ಕೆಲಸ ಹೆಚ್ಚಿದ ವರ್ಷವೂ ಅಷ್ಟೇ ಭತ್ತ, ಕಡಿಮೆಯಾದ ವರ್ಷವೂ ಅಷ್ಟೇ. ಇದೇ ಏರ್ಪಾಡು ಈಗ ವೈದ್ಯಕೀಯಕ್ಕೂ ಬಂದಿದೆ. ಪೇಟೆಯ ಕೆಲವು ಆಸ್ಪತ್ರೆಗಳೂ ಕ್ಲಿನಿಕ್‌ಗಳೂ ವರ್ಷಕ್ಕೊಮ್ಮೆ ಶುಲ್ಕ ಪಡೆದು ಕುಟುಂಬವನ್ನು ಸದಸ್ಯರನ್ನಾಗಿ ಮಾಡಿಕೊಂಡು ಕಾರ್ಡು ಕೊಡುತ್ತಿವೆ. ತೋಟದ ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ ಇದ್ದು, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿರುವ ಕುಟುಂಬಗಳಿಗೆ ಇಂತಹ ಕಾರ್ಡು ಸಹಜವಾಗಿಯೇ ಆಕರ್ಷಕವಾಗಿ ತೋರುತ್ತದೆ. ಹಣ ಕಟ್ಟುವ ಮುನ್ನ ಅದರ ಲೆಕ್ಕವನ್ನು ತಿಳಿದುಕೊಳ್ಳುವುದು ಅಗತ್ಯ.

ಈ ಪದ್ಧತಿ ಇಂದಿನ ರೂಪ ತಳೆದದ್ದು ಅಮೆರಿಕದಲ್ಲಿ. 1996ರಲ್ಲಿ ಸಿಯಾಟಲ್ ನಗರದಲ್ಲಿ ಡಾ. ಹೊವಾರ್ಡ್ ಮೆರಾನ್ ಎಂಬ ವೈದ್ಯರು ಎಂ.ಡಿ. ಸ್ಕ್ವೇರ್ಡ್ ಎಂಬ ಸಂಸ್ಥೆಯನ್ನು ಆರಂಭಿಸಿ, ಕೆಲವೇ ಶ್ರೀಮಂತ ಕುಟುಂಬಗಳಿಂದ ದೊಡ್ಡ ವಾರ್ಷಿಕ ಶುಲ್ಕ ಪಡೆದು, ಯಾವ ಹೊತ್ತಿನಲ್ಲಿ ಕರೆದರೂ ಸಿಗುವ ವೈದ್ಯರಾದರು. ಇದನ್ನು ಅಲ್ಲಿ ಕನ್ಸಿಯರ್ಜ್ ಮೆಡಿಸಿನ್ ಎಂದು ಕರೆಯುತ್ತಾರೆ. 2000ದಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ಎಂ.ಡಿ.ವಿ.ಐ.ಪಿ. ಎಂಬ ಕಂಪನಿ ಇದನ್ನೇ ಮಧ್ಯಮ ವರ್ಗದ ಮೇಲ್ಮಟ್ಟದವರಿಗೆ ಎಟಕುವಂತೆ ಮಾಡಿತು. ಮೊದಲ ವರ್ಷಗಳಲ್ಲಿ ಅದರ ಶುಲ್ಕ ವರ್ಷಕ್ಕೆ ಸುಮಾರು 1500 ಡಾಲರ್. ಒಬ್ಬ ವೈದ್ಯರಿಗೆ 600ಕ್ಕಿಂತ ಹೆಚ್ಚು ಸದಸ್ಯರಿರಬಾರದೆಂಬುದು ನಿಯಮ.

ಈ 600 ಎಂಬ ಸಂಖ್ಯೆಯಲ್ಲಿಯೇ ಶುಲ್ಕದ ಗುಟ್ಟು ಅಡಗಿದೆ. ಅಮೆರಿಕದ ಸಾಮಾನ್ಯ ಕುಟುಂಬ ವೈದ್ಯರೊಬ್ಬರ ಪಟ್ಟಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ರೋಗಿಗಳಿರುವುದು ವಾಡಿಕೆ. ಅವರಿಗೆ ಸಂಪಾದನೆ ಬರುವುದು ನೋಡಿದ ರೋಗಿಗಳ ಲೆಕ್ಕದ ಮೇಲೆ. ಕಾಫಿ ಹಣ್ಣನ್ನು ಕಿಲೋ ಲೆಕ್ಕದಲ್ಲಿ ಕೊಯ್ಯಿಸಿದರೆ ಕೈ ಚುರುಕಾಗುತ್ತದೆ, ಆದರೆ ಕಾಯಿ, ಎಲೆ, ರೆಂಬೆ ಎಲ್ಲ ಚೀಲ ಸೇರುತ್ತವೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಲೆ ಲೆಕ್ಕದ ವೈದ್ಯಕೀಯದಲ್ಲೂ ಒಬ್ಬ ರೋಗಿಗೆ ಸಿಗುವ ಸಮಯ ಹೀಗೆಯೇ ಕಿರಿದಾಗುತ್ತದೆ. ಪಟ್ಟಿಯನ್ನು 600ಕ್ಕೆ ಇಳಿಸಿದರೆ ಸಮಯ ಹಿಗ್ಗುತ್ತದೆ, ಆದರೆ ಸಂಪಾದನೆ ಕುಗ್ಗುತ್ತದೆ. ಆ ನಷ್ಟವನ್ನು ತುಂಬುವುದೇ ಸದಸ್ಯತ್ವ ಶುಲ್ಕ. 600 ಜನ ತಲಾ 1500 ಡಾಲರ್ ಕೊಟ್ಟರೆ ವರ್ಷಕ್ಕೆ 9 ಲಕ್ಷ ಡಾಲರ್ ಆಗುತ್ತದೆ. ಅದರಲ್ಲಿ ಕಂಪನಿಯ ಪಾಲು ಮುರಿದುಕೊಂಡು ಉಳಿದದ್ದು ವೈದ್ಯರಿಗೆ. ಅಂದರೆ ಸದಸ್ಯನು ಕೊಂಡದ್ದು ಔಷಧವನ್ನಲ್ಲ, ಶಸ್ತ್ರಚಿಕಿತ್ಸೆಯನ್ನಲ್ಲ, ವೈದ್ಯರ ಸಮಯವನ್ನು. ಆಸ್ಪತ್ರೆ ಸೇರಬೇಕಾದರೆ ಆ 1500 ಡಾಲರಿನಿಂದ ಒಂದು ಕಾಸೂ ಒದಗುವುದಿಲ್ಲ. ಅದಕ್ಕೆ ಬೇರೆ ವಿಮೆ ಇರಲೇಬೇಕು. ಅಲ್ಲಿನ ವೃದ್ಧರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯೂ ಈ ಚಂದಾವನ್ನು ಭರಿಸುವುದಿಲ್ಲ.

ಪಟ್ಟಿಯಿಂದ ಹೊರಬಿದ್ದ ಸಾವಿರಕ್ಕೂ ಹೆಚ್ಚು ರೋಗಿಗಳು ಎಲ್ಲಿಗೆ ಹೋದರು ಎಂಬ ಪ್ರಶ್ನೆ ಅಲ್ಲಿ ಮೊದಲಿನಿಂದಲೂ ಕೇಳಿಬಂದಿದೆ. ಒಬ್ಬರೋ ಇಬ್ಬರೋ ಒಳ್ಳೆಯ ವೈದ್ಯರಿರುವ ನಮ್ಮ ಸಣ್ಣ ಪೇಟೆಗಳಲ್ಲಿ ಈ ಪದ್ಧತಿ ಬೇರೂರಿದರೆ ಅದೇ ಪ್ರಶ್ನೆ ಇನ್ನೂ ಕಠಿಣವಾಗಿ ಎದುರಾದೀತು.

ಅಮೆರಿಕದಲ್ಲೇ ಇದರ ಅಗ್ಗದ ಕವಲೊಂದಿದೆ. ಅದರ ಹೆಸರು ಡೈರೆಕ್ಟ್ ಪ್ರೈಮರಿ ಕೇರ್. ಇಲ್ಲಿ ವೈದ್ಯರು ವಿಮಾ ಕಂಪನಿಗಳ ಬಿಲ್ಲುಗಳ ಗೊಡವೆಯನ್ನೇ ಬಿಟ್ಟು, ತಿಂಗಳಿಗೆ ಇಷ್ಟೆಂದು ಸದಸ್ಯರಿಂದ ನೇರವಾಗಿ ಪಡೆಯುತ್ತಾರೆ. 2025ರಲ್ಲಿ ಅಲ್ಲಿ ಆದ ಕಾನೂನಿನಂತೆ, ತಿಂಗಳಿಗೆ ಒಬ್ಬರಿಗೆ 150 ಡಾಲರ್, ಕುಟುಂಬಕ್ಕೆ 300 ಡಾಲರ್ ಮೀರದ ಇಂತಹ ಶುಲ್ಕವನ್ನು ಆರೋಗ್ಯಕ್ಕೆಂದೇ ಇರುವ ತೆರಿಗೆ ರಿಯಾಯಿತಿಯ ಉಳಿತಾಯ ಖಾತೆಯಿಂದ ಕೊಡಲು 2026ರ ಜನವರಿಯಿಂದ ಅವಕಾಶವಾಯಿತು. ಆದರೆ ಇದರಲ್ಲಿ ಮುಗ್ಗರಿಸಿದವರೂ ಇದ್ದಾರೆ. 2007ರಲ್ಲಿ ಸಿಯಾಟಲ್‌ನಲ್ಲಿ ಭಾರಿ ಬಂಡವಾಳದೊಂದಿಗೆ ಆರಂಭವಾದ ಕ್ಲಿಯಾನ್ಸ್ ಎಂಬ ಸಂಸ್ಥೆ 2017ರಲ್ಲಿ ಬಾಗಿಲು ಹಾಕಿತು. ವರ್ಷದ ಹಣವನ್ನು ಒಮ್ಮೆಗೇ ಮುಂಗಡವಾಗಿ ಕೊಡುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲಿ ಮಾರಾಟವಾಗುವ ಕಾರ್ಡುಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ವೈದ್ಯರ ಸಮಯವನ್ನು ಕೊಡುತ್ತವೆ, ಅಂದರೆ ಫೋನ್ ಮಾಡಿದರೆ ಸಲಹೆ, ಸಾಲಿನಲ್ಲಿ ಕಾಯದೆ ಭೇಟಿ. ಹಲವು ಕಾರ್ಡುಗಳು ಕೊಡುವುದು ಬರಿಯ ರಿಯಾಯಿತಿ. ರಿಯಾಯಿತಿ ಕಾರ್ಡಿನ ಲೆಕ್ಕ ಬಹಳ ಸುಲಭ. ಕಾರ್ಡಿಗೆ ರೂ. 2000 ಕೊಟ್ಟು, ರಕ್ತ ಪರೀಕ್ಷೆ, ಎಕ್ಸ್‌ರೇ ಮುಂತಾದವುಗಳಲ್ಲಿ ನೂರಕ್ಕೆ 10ರಂತೆ ಬಿಡುವುದಾದರೆ, ನಾವು ವರ್ಷದಲ್ಲಿ ರೂ. 20,000ದಷ್ಟು ಪರೀಕ್ಷೆ ಮಾಡಿಸಿದ ಮೇಲಷ್ಟೇ ಕಾರ್ಡಿನ ಹಣ ವಾಪಸಾಗುತ್ತದೆ. ಅಷ್ಟು ಪರೀಕ್ಷೆ ಬೇಕಾಗದ ಮನೆಗೆ ಆ ಕಾರ್ಡು ದಂಡ. ಕಾರ್ಡು ಇದೆಯಲ್ಲ ಎಂದು ಬೇಡದ ಪರೀಕ್ಷೆ ಮಾಡಿಸಿದರಂತೂ ಎರಡು ದಂಡ.

ಸಮಯದ ಕಾರ್ಡಿನ ಲೆಕ್ಕ ಸ್ವಲ್ಪ ಸೂಕ್ಷ್ಮ. ಪೇಟೆಯಿಂದ ದೂರದ ಬೆಳೆಗಾರನಿಗೆ ವೈದ್ಯರ ಫೀಸಿಗಿಂತ ಹೋಗಿಬರುವ ಖರ್ಚೇ ಹೆಚ್ಚು. ಉದಾಹರಣೆಗೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಇರುವ ದಂಪತಿಗಳು ತಿಂಗಳಿಗೊಮ್ಮೆ ಪೇಟೆಗೆ ಹೋಗುತ್ತಾರೆನ್ನಿ. ಇಬ್ಬರ ಫೀಸು ಒಟ್ಟು ರೂ. 500, ಬಾಡಿಗೆ ವಾಹನಕ್ಕೆ ರೂ. 800 ಎಂದಿಟ್ಟುಕೊಂಡರೆ 12 ಸಲಕ್ಕೆ ರೂ. 15,600. ರೂ. 9,000ದ ಸದಸ್ಯತ್ವ ಪಡೆದು, ಎಂಟು ಭೇಟಿಗಳು ಫೋನಿನಲ್ಲೇ ಮುಗಿದು, ನಾಲ್ಕು ಸಲ ಮಾತ್ರ ಹೋಗಿಬಂದರೆ ವಾಹನದ ರೂ. 3,200 ಸೇರಿ ರೂ. 12,200 ಆಗುತ್ತದೆ; ಉಳಿತಾಯ ರೂ. 3,400. ಆದರೆ ಅದೇ ದಂಪತಿಗಳು ಎರಡು ತಿಂಗಳಿಗೊಮ್ಮೆ ಮಾತ್ರ ಹೋಗುವವರಾಗಿದ್ದರೆ ಹಳೆಯ ಖರ್ಚು ರೂ. 7,800 ಮಾತ್ರ. ಸದಸ್ಯರಾಗಿ ಮೂರು ಸಲ ಹೋದರೂ ರೂ. 11,400 ತಗಲುವುದರಿಂದ ರೂ. 3,600 ನಷ್ಟ. ಈ ಅಂಕಿಗಳು ಲೆಕ್ಕದ ರೀತಿ ತೋರಿಸಲು ಇಟ್ಟುಕೊಂಡವು. ಬೆಳೆಗಾರರು ಕಳೆದ ವರ್ಷ ತಮ್ಮ ಮನೆಯಲ್ಲಿ ಎಷ್ಟು ಸಲ ವೈದ್ಯರ ಬಳಿ ಹೋದರೆಂಬುದನ್ನು ಔಷಧ ಚೀಟಿಗಳಿಂದ ಎಣಿಸಿ, ತಮ್ಮದೇ ಅಂಕಿಗಳನ್ನು ಹಾಕಿ ನೋಡಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟೂ ಫೋನಿನ ಸಿಗ್ನಲ್ಲೂ ಹೋಗುವ ಜಾಗದಲ್ಲಿ ಫೋನ್ ಸಲಹೆಯ ಬೆಲೆ ಎಷ್ಟೆಂಬುದನ್ನೂ ಅವರೇ ಬಲ್ಲರು.

ಫೋನಿನಲ್ಲಿ ಔಷಧ ಸೂಚಿಸುವುದಕ್ಕೆ ಕಟ್ಟುಪಾಡುಗಳೂ ಇವೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಹೀಗೆ ಸಲಹೆ ನೀಡಬಹುದು. ಅದೇ ಕಾಯಿಲೆಗೆ ಆರು ತಿಂಗಳೊಳಗೆ ಮುಖತಃ ನೋಡಿದ ರೋಗಿಯಾದರೆ ಹಿಂದಿನ ಔಷಧವನ್ನು ಮುಂದುವರಿಸುವುದು ಸುಲಭ. ಮಾದಕ ವರ್ಗಕ್ಕೆ ಸೇರಿದ ಕೆಲವು ಔಷಧಗಳನ್ನು ಮಾತ್ರ ಫೋನಿನಲ್ಲಿ ಬರೆದುಕೊಡುವಂತಿಲ್ಲ. ಎದೆನೋವು, ಹಾವಿನ ಕಡಿತ, ಅಡಿಕೆ ಮರದಿಂದ ಬಿದ್ದದ್ದು, ಇವುಗಳಿಗೆ ಯಾವ ಕಾರ್ಡೂ ಫೋನೂ ಸಾಲದು. ಹತ್ತಿರದ ಆಸ್ಪತ್ರೆಗೆ ಓಡಬೇಕು. ಅದು ಕಾರ್ಡು ಕೊಟ್ಟ ಆಸ್ಪತ್ರೆಯೇ ಆಗಿರಬೇಕೆಂದು ಕಾಯಬಾರದು.

ಸಮಯ, ರಿಯಾಯಿತಿಗಳಲ್ಲದೆ ಮೂರನೆಯದೊಂದಿದೆ, ಅದು ಅಪಾಯದ ಹೊಣೆ. ಅಡಿಕೆ ಫಸಲನ್ನು ಚೇಣಿಗೆ ಕೊಟ್ಟಾಗ ಕೊಳೆ ರೋಗ ಬಂದರೂ ದರ ಬಿದ್ದರೂ ಒಪ್ಪಿದ ಮೊತ್ತ ನಮ್ಮ ಕೈ ಸೇರುತ್ತದೆ. ಏರುಪೇರನ್ನು ಹೊರುವವನು ಚೇಣಿದಾರ. ಹಾಗೆ ದೊಡ್ಡ ಕಾಯಿಲೆಯ ಖರ್ಚನ್ನು ಹೊರುವುದು ವಿಮೆ. ನಮ್ಮ ರಾಜ್ಯದ ಸಹಕಾರಿಗಳಿಗೆ ಇದರ ಅತ್ಯುತ್ತಮ ನಿದರ್ಶನ ಮನೆಯಲ್ಲೇ ಇದೆ. ಡಾ. ದೇವಿಪ್ರಸಾದ್ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡು 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನು ಕೊಟ್ಟದ್ದು ತಿಂಗಳಿಗೆ ರೂ. 5, ವರ್ಷಕ್ಕೆ ರೂ. 60. ಮೊದಲ ವರ್ಷ ಸೇರಿದವರು ಸುಮಾರು 16 ಲಕ್ಷ ಜನ. ಅಲ್ಲಿಗೆ ವಂತಿಗೆಯೇ ಸುಮಾರು ರೂ. 9 ಕೋಟಿ 60 ಲಕ್ಷ. ಅದರ ಮೇಲೆ ಸರ್ಕಾರದ ನೆರವು. ಹೃದಯದ ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದ ಕೆಲವರ ಖರ್ಚನ್ನು ಬೇಡವಾದ ಬಹುಮಂದಿ ಹೊತ್ತರು. 2005ರಲ್ಲಿ ವಂತಿಗೆಯನ್ನು ರೂ. 120ಕ್ಕೆ ಏರಿಸಿದಾಗ ಸದಸ್ಯರ ಸಂಖ್ಯೆ ಗಣನೀಯವಾಗಿ ಇಳಿಯಿತು. ಆರೋಗ್ಯವಂತರು ಮೊದಲು ಬಿಟ್ಟು, ಕಾಯಿಲೆಯವರಷ್ಟೇ ಉಳಿದರೆ ಇಂತಹ ನಿಧಿ ಬಹುದಿನ ಬಾಳದು ಎಂಬುದನ್ನು ಪ್ರತ್ಯೇಕ ವಿವರಿಸಬೇಕಾಗಿಲ್ಲ.

ಯೋಜನೆಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಲಾಯಿತು. ಸಹಕಾರಿಗಳ ಒತ್ತಾಯದ ಮೇಲೆ 2022-23ರಲ್ಲಿ ಮತ್ತೆ ಆರಂಭಿಸಿದಾಗ, ಗ್ರಾಮಾಂತರದ ನಾಲ್ವರ ಕುಟುಂಬಕ್ಕೆ ರೂ. 500, ನಗರದವರಿಗೆ ರೂ. 1000 ಎಂದು ವಂತಿಗೆ ಗೊತ್ತುಮಾಡಿ, ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಏರ್ಪಾಡು ಮಾಡಲಾಯಿತು. ಈ ಸಾಲಿನ ವಂತಿಗೆ, ಕೊನೆಯ ದಿನಾಂಕ, ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿ ಇವುಗಳನ್ನು ಸದಸ್ಯರು ತಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ಕೇಳಿ ತಿಳಿಯಬೇಕು. ಯಶಸ್ವಿನಿಯಲ್ಲಿ ವೈದ್ಯರ ಸಮಯ ಸಿಗುವುದಿಲ್ಲ; ನೆಗಡಿ ಜ್ವರಕ್ಕೆ ಅದು ಬಾರದು. ರೂ. 9,000ದ ಕಾರ್ಡಿನಲ್ಲಿ ಶಸ್ತ್ರಚಿಕಿತ್ಸೆ ಸಿಗುವುದಿಲ್ಲ. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿರುವ ಸಣ್ಣ ಬೆಳೆಗಾರನು ಮೊದಲು ಅಪಾಯದ ಹೊಣೆಗೆ ಹಣ ಕಟ್ಟುವುದೇ ಲೇಸೆಂದು ನಮ್ಮ ಅಭಿಪ್ರಾಯ. ಹತ್ತು ಸಲದ ಫೀಸನ್ನು ಕಾಳುಮೆಣಸು ಮಾರಿ ಕೊಡಬಹುದು; ಆಪರೇಷನ್ನಿನ ಬಿಲ್ಲಿಗೆ ತೋಟವೇ ಅಡವು ಬೀಳುತ್ತದೆ.

ಖಾಸಗಿ ಆರೋಗ್ಯ ವಿಮೆ ಮಾಡಿಸುವವರು ಎರಡು ಬದಲಾವಣೆಗಳನ್ನು ಗಮನಿಸಬೇಕು. ಮೊದಲೇ ಇದ್ದ ಕಾಯಿಲೆಗೆ ಪರಿಹಾರ ಸಿಗಲು ಕಾಯಬೇಕಾದ ಅವಧಿಯ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ 48 ತಿಂಗಳಿಗೆ ಬದಲು 36 ತಿಂಗಳಿಗೆ ಇಳಿಸಿದೆ. ವ್ಯಕ್ತಿಗಳೂ ಕುಟುಂಬಗಳೂ ತಾವೇ ಮಾಡಿಸುವ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

ಇಷ್ಟರ ಮೇಲೂ ಸದಸ್ಯತ್ವ ಕಾರ್ಡು ಬೇಕೆನ್ನುವವರು ಒಪ್ಪಂದದ ಕಾಗದವನ್ನು ಮನೆಗೆ ತಂದು ನಿಧಾನವಾಗಿ ಓದಬೇಕು. ಫೋನಿನಲ್ಲಿ ಮಾತನಾಡುವವರು ನಮ್ಮನ್ನು ಕಂಡು ಬಲ್ಲ ವೈದ್ಯರೋ, ದಿನಕ್ಕೊಬ್ಬರಂತೆ ಬದಲಾಗುವವರೋ? ಆ ವೈದ್ಯರು ಬಿಟ್ಟುಹೋದರೆ, ಕ್ಲಿನಿಕ್ ಮುಚ್ಚಿದರೆ, ಉಳಿದ ತಿಂಗಳುಗಳ ಹಣ ವಾಪಸು ಬರುತ್ತದೆಯೋ? ಆಸ್ಪತ್ರೆಗೆ ಸೇರಿದರೆ ಯಾವುದು ಉಚಿತ, ಯಾವುದಕ್ಕೆ ಬಿಲ್ಲು? ಬಾಯಿಮಾತಿನಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ಅದು ಇಲ್ಲವೆಂದೇ ಲೆಕ್ಕ. ಮಕ್ಕಳು ದೂರದಿಂದ ಹಣ ಕಟ್ಟಿದ್ದಾದರೆ ಕಾಗದದ ಒಂದು ಪ್ರತಿ ತೋಟದ ಮನೆಯಲ್ಲೂ ಇರಲಿ, ಕರೆ ಮಾಡಬೇಕಾದ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಬ್ಯಾಂಕಿನಿಂದ ಪ್ರತಿ ವರ್ಷ ತಾನಾಗಿಯೇ ಹಣ ಕಡಿತವಾಗುವ ಏರ್ಪಾಡಿಗೆ ಒಪ್ಪಿಗೆ ಕೊಡುವ ಮುನ್ನ ಅದು ಯಾವ ತಿಂಗಳಲ್ಲಿ ಬರುತ್ತದೆಂದು ನೋಡಿಕೊಳ್ಳಿ. ಅಡಿಕೆ, ಕಾಫಿಯ ಹಣ ಬರುವ ಬೇಸಿಗೆಗೆ ಬಂದರೆ ಭಾರವೆನಿಸದ ಕಂತು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತರಬೇಕಾದ ಮಳೆಗಾಲದ ಆರಂಭದಲ್ಲಿ ಬಂದರೆ ಕೈ ಕಟ್ಟಿಹಾಕುತ್ತದೆ.